ಬೂದಮ್ಮನ ಬಾಯಾರಿಕೆ

ಜನವರಿ ೯

ಪ್ರೀತಿಯ ಮಾವನಿಗೆ,

ಮೊದಲು ಸುದ್ದಿ, ಆಮೇಲೆ ಕ್ಷೇಮಸಮಾಚಾರ. ಸತ್ತವು ಮಾವ! ನೀನು ಹೊಸ ವರ್ಷಕ್ಕೆ ಮೊದಲು ಕಳುಹಿಸಿದ್ದ ಬೂದಮ್ಮನ ಎಲೆಯ ರಸ ಹಾಕಿ, ಎರಡು ದಿನ ಬಿಟ್ಟು ನೋಡಿದರೆ ಪ್ರಯೋಗದ ತಟ್ಟೆಯಲ್ಲಿದ್ದ ಕ್ಯಾನ್ಸರ್ ಜೀವಕೋಶಗಳಲ್ಲಿ ಮುಕ್ಕಾಲು ಪಾಲು ಸತ್ತುಬಿದ್ದಿದ್ದವು. ನಾನು ಪ್ರಯೋಗಾಲಯದಲ್ಲೇ ಕುಣಿದುಬಿಟ್ಟೆ. ನಮ್ಮ ಮೇಡಂ ಬಾಗಿಲಲ್ಲಿ ನಿಂತಿದ್ದದ್ದು ನನಗೆ ಗೊತ್ತಿರಲಿಲ್ಲ. "ಸಾವಿಗೆ ಇಷ್ಟು ಖುಷಿ ಪಡೋರನ್ನ ನಾನು ನೋಡೇ ಇಲ್ಲ ಕಣಮ್ಮ" ಅಂದರು. ಆಮೇಲೆ ತಾವೂ ಬಗ್ಗಿ ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಕಿವಿ ಮಂದವಾದ ಮೇಲೆ ನೀನು ಅರ್ಧ ಕೇಳಿಸಿಕೊಂಡು ಪೂರ್ತಿಗೆ ಹೂಂಗುಟ್ಟುತ್ತೀಯ. ಕಳೆದ ಸಲ ನನಗೆ ಜ್ವರ ಎಂದಾಗ "ಬಹಳ ಸಂತೋಷ" ಎಂದೆಯಲ್ಲ, ಅದನ್ನು ನಾನು ಮರೆತಿಲ್ಲ.

ಕೋಶಗಳು ಹೇಗೆ ಸಾಯುತ್ತವೆ ಎಂದು ನೀನು ಕೇಳಿದ್ದೆ. ಕೇಳು. ನಮ್ಮ ಮೈಯಲ್ಲಿರುವ ಪ್ರತಿ ಕೋಶಕ್ಕೂ ತನ್ನ ಸರದಿ ಮುಗಿದಾಗ ಮರ್ಯಾದೆಯಾಗಿ ಹೊರಡುವುದು ಗೊತ್ತಿರುತ್ತದೆ. ಕ್ಯಾನ್ಸರ್ ಕೋಶಕ್ಕೆ ಅದೇ ಮರೆತುಹೋಗಿರುತ್ತದೆ. ಊಟ ಮುಗಿದರೂ ಏಳದೆ ಕೂತ ನೆಂಟನ ಹಾಗೆ ಕೂತೇ ಇರುತ್ತದೆ, ಸಾಲದ್ದಕ್ಕೆ ತನ್ನ ಕಡೆಯವರನ್ನೂ ಕರೆಸಿಕೊಳ್ಳುತ್ತದೆ. ನಮ್ಮ ಬೂದಮ್ಮನ ರಸ ಅದಕ್ಕೆ ಹೊರಡುವುದನ್ನು ನೆನಪು ಮಾಡಿಕೊಡುತ್ತದೆ. ಆಗ ಕೋಶ ಮುದುಡಿಕೊಂಡು, ಒಳಗಿರುವುದನ್ನೆಲ್ಲ ಪುಟ್ಟ ಪುಟ್ಟ ಗಂಟು ಕಟ್ಟಿ, ಗಂಟುಮೂಟೆ ಸಮೇತ ಜಾಗ ಖಾಲಿ ಮಾಡುತ್ತದೆ. ಗಂಟು ಕಂಡರೆ ಸಾಕು, ನಾವು ಗೆದ್ದಂತೆ.

ಈಗ ನಿಜ ಹೇಳು. ಈ ಸಲದ ಎಲೆಗೆ ಏನು ಮಾಡಿದೆ? ಹಿಂದಿನ ಎಲೆಗಳು ಇದರ ಅರ್ಧದಷ್ಟೂ ಕೆಲಸ ಮಾಡಿರಲಿಲ್ಲ. ಮಣ್ಣು ಬದಲಾಯಿಸಿದೆಯಾ, ಗೊಬ್ಬರವಾ? ಮೇಡಂ ಕೇಳುತ್ತಿದ್ದಾರೆ. ನಾನು ಎದೆಯುಬ್ಬಿಸಿ, "ಅಮ್ಮ ಹೋದ ಮೇಲೆ ನನ್ನನ್ನ ಬೆಳೆಸಿದ್ದೂ ಇದೇ ಮಾವ. ಅವನ ಕೈಗುಣವೇ ಅಂಥದ್ದು" ಎಂದಿದ್ದೇನೆ.

ನಿನ್ನ,
ಪಿಟೀಲು


ಜನವರಿ ೨೧

ಪಿಟೀಲಿಗೆ ಮಾವನ ಆಶೀರ್ವಾದ.

ಕಾಗದ ತಲುಪಿತು. ಮೂರು ಸಲ ಓದಿದೆ. ನಾಲ್ಕನೆಯ ಸಲ ಬೀಜದಂಗಡಿಯ ಅಕ್ಕನಿಗೆ ಜೋರಾಗಿ ಓದಿ ಹೇಳಿದೆ. ಆಕೆಗೆ ಅರ್ಥವಾಯಿತೋ ಇಲ್ಲವೋ, ಕಣ್ಣಲ್ಲಿ ಮಾತ್ರ ನೀರು ಬಂತು. ಹುಟ್ಟಿದಾಗಿನಿಂದ ರಾಗ ಎಳೆದು ಅತ್ತು ಬೀದಿಯವರ ನಿದ್ದೆಗೆಡಿಸಿದ್ದಕ್ಕೆ ನಿನಗೆ ಪಿಟೀಲು ಎಂದು ಹೆಸರಿಟ್ಟವನು ನಾನೇ. ಆ ಪಿಟೀಲು ಇಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂದು ಯಾರು ಎಣಿಸಿದ್ದರು?

ಎಲೆಗೆ ಏನು ಮಾಡಿದೆ ಎಂದು ಕೇಳಿದ್ದೀಯ. ಏನೂ ಇಲ್ಲ. ಅದೇ ಮಣ್ಣು, ಅದೇ ಗೊಬ್ಬರ, ಅದೇ ನೀರು. ಒಂದು ಹೊತ್ತೂ ತಪ್ಪಿಸಿಲ್ಲ. ಈ ಉದ್ಯಾನದಲ್ಲಿ ಉಳಿದ ಗಿಡಗಳನ್ನು ಬೇರೆ ಮಾಲಿಗಳು ನೋಡುತ್ತಾರೆ. ಹಿಂದಿನ ಸಣ್ಣ ಗಾಜಿನಮನೆಯ ಬೀಗದ ಕೈ ಮಾತ್ರ ನನ್ನ ಸೊಂಟದಲ್ಲೇ ಇರುತ್ತದೆ. ಬೂದು ಎಲೆ ನೋಡಿ ನೀನು ಚಿಕ್ಕಂದಿನಲ್ಲಿ ಬೂದಮ್ಮ ಎಂದು ಕರೆದ ಗಿಡವನ್ನು ಇನ್ನೊಬ್ಬರ ಕೈಗೆ ಕೊಡುವವನಲ್ಲ ನಾನು.

ಒಂದು ವಿಷಯ, ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತೇನೆ. ಈ ಗಂಟು ಕಟ್ಟುವುದು ತಟ್ಟೆಯಲ್ಲಿ ಮಾತ್ರವೋ, ಮನುಷ್ಯರ ಮೈಯಲ್ಲೂ ಹೀಗೆಯೇ ಆಗುತ್ತದೆಯೋ? ಬಿಡುವಾದಾಗ ಬರೆ, ಅವಸರವೇನಿಲ್ಲ.

ಹೊಸ ಎಲೆಯ ಪಾರ್ಸೆಲ್ ಇದರ ಜೊತೆಗೇ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಮಾವ


ಫೆಬ್ರವರಿ ೧೧

ಮಾವ,

ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ಅದಕ್ಕೇ ತಡವಾಯಿತು. ನಿನ್ನ ಹೊಸ ಎಲೆ ಕೈಕೊಟ್ಟಿತು. ಅದೇ ಅಳತೆ, ಅದೇ ತಟ್ಟೆ, ಅದೇ ನಾನು. ಕೋಶಗಳು ಮಾತ್ರ ಹಾಯಾಗಿ ಕೂತಿವೆ. ಇನ್ನೊಮ್ಮೆ ಮಾಡಿದೆ, ಇನ್ನೂ ಒಮ್ಮೆ ಮಾಡಿದೆ. ಮೇಡಂ ಬೈಯುವುದಿಲ್ಲ, ಬೈದರೆ ಚೆನ್ನಾಗಿತ್ತು. ಸುಮ್ಮನೆ "ಹೂಂ" ಎಂದು ಹೋಗುತ್ತಾರೆ. ಒಂದೇ ಸಲ ಬಂದ ಫಲಿತಾಂಶವನ್ನು ಯಾರೂ ನಂಬುವುದಿಲ್ಲ, ನಂಬಲೂ ಬಾರದು.

ನನ್ನ ಪಕ್ಕದ ಮೇಜಿನವನೊಬ್ಬನಿದ್ದಾನೆ, ಮಾತು ಕಡಿಮೆ. ಆ ಹಳೆಯ ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಈ ಗಿಡಕ್ಕೆ ನೀರು ಕಮ್ಮಿ ಬಿದ್ದಿರಬಹುದಾ?" ಅಂದ. ನಾನು ನಕ್ಕುಬಿಟ್ಟೆ. ಆದರೂ ಕೇಳುತ್ತಿದ್ದೇನೆ, ನೀರು ಏನಾದರೂ ಹೆಚ್ಚುಕಡಿಮೆ ಆಗಿತ್ತಾ?

ನಿನ್ನ ಪ್ರಶ್ನೆಗೆ ಉತ್ತರ: ಮೈಯಲ್ಲೂ ಹಾಗೆಯೇ ಮಾವ. ಕೋಶ ಎಲ್ಲಿದ್ದರೂ ಕೋಶವೇ. ಗಂಟು ಕಟ್ಟಿದೆ ಅಂದರೆ ಹೊರಟಿದೆ ಎಂದೇ ಅರ್ಥ. ಒಳ್ಳೆಯ ಸುದ್ದಿ.

ಅವಸರದಲ್ಲಿ,
ಪಿಟೀಲು


ಮಾರ್ಚ್ ೨

ಪಿಟೀಲಿಗೆ,

ನಿನ್ನ ಪಕ್ಕದ ಮೇಜಿನವನಿಗೆ ನನ್ನ ನಮಸ್ಕಾರ ತಿಳಿಸು. ಅವನು ಹುಟ್ಟುವ ಮೊದಲಿಂದ ನಾನು ಗಿಡಗಳಿಗೆ ನೀರು ಹಾಕುತ್ತಿದ್ದೇನೆ ಎಂದೂ ತಿಳಿಸು. ನನ್ನ ಕೈಯಲ್ಲಿ ಗಿಡ ಬಾಯಾರುವುದೇ? ನಿನಗೆ ಒಂದು ಲೋಟ ನೀರು ಕೊಡಲು ಮರೆತಿರಬಹುದು, ಬೂದಮ್ಮನಿಗೆ ಮರೆತಿಲ್ಲ. ಈ ಮಾತನ್ನು ಇನ್ನು ಎತ್ತಬೇಡ.

ಈ ಸಲ ಎಲೆ ಸ್ವಲ್ಪ ಕಡಿಮೆ ಕಳುಹಿಸುತ್ತಿದ್ದೇನೆ. ಗಿಡಗಳು ತುಸು ಬೋಳಾಗಿವೆ. ಏಕೆ ಎಂದು ಕೇಳಬೇಡ, ಕಾರಣವಿದೆ.

ನಿನಗೊಂದು ಒಳ್ಳೆಯ ಸುದ್ದಿ ಇಟ್ಟುಕೊಂಡಿದ್ದೇನೆ. ಈಗಲೇ ಹೇಳುವುದಿಲ್ಲ. ಪೂರ್ತಿಯಾಗಲಿ, ನೀನು ರಜೆಗೆ ಬಂದಾಗ ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ಕೇಳಿದರೆ ಮತ್ತೆ ಕುಣಿಯುತ್ತೀಯ, ಆಗ ನೋಡುವ ಸರದಿ ನನ್ನದು. ಕೋಶ, ಗಂಟು ಎಂದು ನೀನು ಬರೆದದ್ದೆಲ್ಲ ಈಗ ನನಗೆ ಚೆನ್ನಾಗಿ ಅರ್ಥವಾಗುತ್ತಿದೆ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ.

ಎರಡನೆಯ ಪ್ರಯೋಗ ಕೈಕೊಟ್ಟಿತೆಂದು ಬೇಜಾರಾಗಬೇಡ. ಮೊದಲನೆಯದು ಸುಳ್ಳಲ್ಲ. ಅದು ನನಗೆ ಗೊತ್ತು.

ಪ್ಯಾಂಟುಗಳೆಲ್ಲ ಸಡಿಲವಾಗಿವೆ. ಬೀಜದಂಗಡಿಯ ಅಕ್ಕ ಎರಡನ್ನು ಹಿಡಿದು ಹೊಲಿದುಕೊಟ್ಟರು. ಈ ವಯಸ್ಸಿನಲ್ಲಿ ಹುಡುಗನಂತೆ ಕಾಣುತ್ತಿದ್ದೇನಂತೆ.

ಮಾವ


ಮಾರ್ಚ್ ೧೬

ಮಾವಯ್ಯನವರಿಗೆ,

ಒಳ್ಳೆಯ ಸುದ್ದಿಯಂತೆ, ಎದುರಿಗೆ ಕೂರಿಸಿಕೊಂಡು ಹೇಳುವುದಂತೆ. ಮೈ ತೆಳ್ಳಗಾಗಿದೆಯಂತೆ, ಬೀಜದಂಗಡಿಯವರು ಪ್ಯಾಂಟು ಹೊಲಿದುಕೊಟ್ಟರಂತೆ. ನಾನೇನು ಚಿಕ್ಕ ಮಗುವೇ? ಒಂಟಿಯಾಗಿ ಇಷ್ಟು ವರ್ಷ ಕಳೆದ ಮೇಲೆ ಕೊನೆಗೂ ಆ ಪುಣ್ಯಾತ್ಮೆ ನಿನಗೆ ಗಂಟುಬಿದ್ದರು ಅನ್ನು. ನನಗೆ ಅವರು ಬಹಳ ಇಷ್ಟ ಮಾವ. ಯಾವಾಗ ಎಂದು ಹೇಳು, ರಜೆ ಹಾಕುತ್ತೇನೆ. ಹೊಸ ಸೀರೆಯನ್ನೂ ನೋಡಿಟ್ಟಿದ್ದೇನೆ.

ಇಲ್ಲಿ ಕಿಟಕಿಯ ಕಟ್ಟೆಯ ಮೇಲೆ ಬೂದಮ್ಮನ ಕೆಲವು ಕುಂಡಗಳಿವೆಯಲ್ಲ, ಅವುಗಳಲ್ಲಿ ಅರ್ಧಕ್ಕೆ ನೀರು ನಿಲ್ಲಿಸಿದ್ದೇವೆ. ಪಕ್ಕದ ಮೇಜಿನವನ ಹಟ. ಎಲೆ ಸುರುಳಿ ಸುತ್ತಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀನು ಇದ್ದಿದ್ದರೆ ನಮ್ಮಿಬ್ಬರನ್ನೂ ಹೊರಗೆ ಅಟ್ಟುತ್ತಿದ್ದೆ.

ಬೇಗ ಬರೆ. ಸುದ್ದಿ ತಡೆದುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಪಿಟೀಲು


ಏಪ್ರಿಲ್ ೧೦

ಮಾವನವರಿಗೆ,

ಮಾರ್ಚ್ ಕಾಗದಕ್ಕೆ ನೀವು ಉತ್ತರ ಬರೆದಿಲ್ಲ. ಫೋನ್ ಮಾಡಿದರೆ ಎತ್ತಿ, "ಎಲ್ಲಾ ಚೆನ್ನಾಗಿದೆ, ಕಾಗದ ಬರೀತೀನಿ" ಎಂದು ಇಟ್ಟುಬಿಡುತ್ತೀರಿ.

ಕಿಟಕಿಯ ಕುಂಡಗಳ ಎಲೆ ಪರೀಕ್ಷೆ ಮಾಡಿದೆವು. ನೀರು ಕುಡಿದ ಗಿಡದ ಎಲೆ ಏನೂ ಮಾಡಲಿಲ್ಲ. ಒಣಗಿಸಿದ ಗಿಡದ ಎಲೆ ಮಾತ್ರ ಜನವರಿಯಲ್ಲಿ ಮಾಡಿದ ಕೆಲಸವನ್ನೇ ಮಾಡಿತು. ನೀರಿಲ್ಲದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ಎಲೆಯಲ್ಲಿ ಕಹಿ ತುಂಬಿಕೊಳ್ಳುತ್ತದೆ. ನಮಗೆ ಬೇಕಾದ ವಸ್ತು ಆ ಕಹಿಯಲ್ಲೇ ಇದೆ. ಮೇಡಂ ನನ್ನ ಬೆನ್ನು ತಟ್ಟಿದರು. ನಾನು ಕುಣಿಯಲಿಲ್ಲ.

ಯಾಕೆಂದರೆ ಅಲ್ಲಿಗೆ ಒಂದು ಮಾತು ಗಟ್ಟಿಯಾಯಿತು. ಡಿಸೆಂಬರಿನಲ್ಲಿ ಬೂದಮ್ಮನಿಗೆ ವಾರಗಟ್ಟಲೆ ಯಾರೂ ನೀರು ಹಾಕಿಲ್ಲ. ನೀವು ಇದ್ದೂ ಗಿಡ ಒಣಗಲು ಬಿಡುವವರಲ್ಲ. ನನಗೆ ದಡಾರ ಬಂದು ಮಲಗಿದಾಗಲೂ ಹಣೆಗೆ ಬಟ್ಟೆ ಹಾಕಿ, ಓಡಿಹೋಗಿ ನೀರು ಹಾಕಿ ಓಡಿಬಂದವರು ನೀವು. ಬೀಗದ ಕೈಯೂ ನಿಮ್ಮ ಬಳಿಯೇ ಇತ್ತು. ಹಾಗಿದ್ದರೆ ನೀವು ಅಲ್ಲಿ ಇರಲಿಲ್ಲ.

ಎಲ್ಲಿದ್ದಿರಿ? ನನಗೆ ಉತ್ತರ ಬೇಕು.

ನಿಮ್ಮ ಸೋದರಸೊಸೆ


ಏಪ್ರಿಲ್ ೧೬

ನನ್ನ ಪಿಟೀಲಿಗೆ,

'ನೀವು' ಎಂದು ಬರೆದಿದ್ದೀಯ. ಕಾಗದ ಬಿಚ್ಚುತ್ತಲೇ ಕಣ್ಣಿಗೆ ಬಿದ್ದದ್ದು ಅದು. ಮಾತು ಕಲಿತಾಗಿನಿಂದ ನನ್ನನ್ನು 'ನೀನು' ಎಂದವಳು, ಅಷ್ಟು ಸಿಟ್ಟೇ? ನೀನು ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಮದುವೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಪೂರ್ತಿಯಾದ ಮೇಲೆ ಹೇಳೋಣ ಎಂದಿದ್ದೆ, ನೀನು ಬಿಡುವ ಹಾಗೆ ಕಾಣುವುದಿಲ್ಲ. ಕೇಳು, ಆದರೆ ಗಾಬರಿಯಾಗಬೇಡ. ಕೊನೆಯವರೆಗೆ ಓದಿದರೆ ಗಾಬರಿಗೆ ಕಾರಣವಿಲ್ಲ ಎಂದು ನಿನಗೇ ತಿಳಿಯುತ್ತದೆ.

ಡಿಸೆಂಬರಿನಲ್ಲಿ ನಾನು ಆಸ್ಪತ್ರೆಯಲ್ಲಿದ್ದೆ. ಜ್ವರ ಬಿಡುತ್ತಲೇ ಇರಲಿಲ್ಲ, ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತ್ತು. ಅದರಿಂದ ಚೂರು ತೆಗೆದು ಪರೀಕ್ಷೆ ಮಾಡಿ, ದುಗ್ಧರಸ ಗ್ರಂಥಿಗಳ ಕ್ಯಾನ್ಸರ್, ಲಿಂಫೋಮ ಎಂದರು. ಮೂರು ವಾರ ಮಲಗಿಸಿದ್ದರು. ಬಂದು ನೋಡಿದರೆ ಬೂದಮ್ಮನ ಎಲೆಯೆಲ್ಲ ಸುರುಳಿ. ನನ್ನ ಕಾಯಿಲೆ ಕೇಳಿದಾಗ ಬರದ ಅಳು ಆಗ ಬಂತು. ಇದನ್ನು ನಿನಗೆ ಹೇಗೆ ಹೇಳಲಿ? ಗಿಡ ಒಣಗಿಸಿದೆ ಎಂದು ಹೇಳಲೂ ನಾಚಿಕೆ.

ಕ್ಯಾನ್ಸರ್ ಔಷಧದ ಡ್ರಿಪ್ ಹಾಕಿಸಿಕೊಳ್ಳಲು ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರು. ಹೋಗೋಣ ಎಂದಿರುವಾಗಲೇ ನಿನ್ನ ಜನವರಿಯ ಕಾಗದ ಬಂತು. ನನ್ನ ಎಲೆ, ನಿನ್ನ ಕೈ. ಇದಕ್ಕಿಂತ ಬೇರೆ ಔಷಧ ಯಾಕೆ ಬೇಕು? ಆ ಡ್ರಿಪ್‌ಗೆ ಹೋದರೆ ನಿನ್ನ ಕೆಲಸವನ್ನು ನಾನೇ ನಂಬದ ಹಾಗೆ ಆಗುತ್ತದೆ ಎನ್ನಿಸಿತು. ಅಂದಿನಿಂದ ಬೆಳಿಗ್ಗೆ, ಸಂಜೆ ಎಲೆಯ ಕಷಾಯ ಕುಡಿಯುತ್ತಿದ್ದೇನೆ. ನಿನಗೆ ಎಲೆ ಕಡಿಮೆಯಾದದ್ದು ಅದಕ್ಕೇ.

ಈಗ ಒಳ್ಳೆಯ ಸುದ್ದಿ. ಕೆಲಸ ಮಾಡುತ್ತಿದೆ ಪಿಟೀಲು. ಮೊದಲು ಕುತ್ತಿಗೆಯಲ್ಲಿ ಒಂದೇ ಇತ್ತು. ಈಗ ಕಂಕುಳಲ್ಲಿ ಪುಟ್ಟ ಪುಟ್ಟ ಗಂಟು ಕಟ್ಟಿವೆ, ತೊಡೆಯ ಸಂದಿಯಲ್ಲೂ ಎರಡು. ನೀನು ಬರೆದ ಹಾಗೆಯೇ. ಗಂಟುಮೂಟೆ ಕಟ್ಟಿಕೊಂಡು ಹೊರಟಿವೆ.

ಈಗಲಾದರೂ 'ನೀನು' ಎನ್ನು.

ಮಾವ


ಏಪ್ರಿಲ್ ೧೯

ಮಾವ,

ನೀನು. ನೀನು. ನೀನು. ಸಿಟ್ಟಿಲ್ಲ. ಇದನ್ನು ಓದುತ್ತಿರುವಾಗ ದಯವಿಟ್ಟು ಕೂತುಕೋ.

ಅವು ಹೊರಟಿಲ್ಲ ಮಾವ, ಹರಡುತ್ತಿವೆ. ನಾನು ಬರೆದ ಗಂಟು ಬೇರೆ. ಅದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಸಾವಿರಾರು ಸೇರಿದರೂ ಸಾಸಿವೆಯಷ್ಟಾಗುವುದಿಲ್ಲ. ಸೂಕ್ಷ್ಮದರ್ಶಕ ಇಟ್ಟುಕೊಂಡು ನೋಡಿದವಳು ನಾನು, ಆದರೆ ಆ ಮಾತು ಬರೆಯಲಿಲ್ಲ. ಬೇರೆ ಯಾವ ಪದ ಹಾಕಿದ್ದರೂ ಆಗುತ್ತಿತ್ತು. ಚಂದವಾಗಿದೆ ಎಂದು ಗಂಟು ಎಂದೆ. ನಿನ್ನ ಬೆರಳಿಗೆ ಸಿಗುವ ಗಂಟು ಕಾಯಿಲೆಯೇ.

ಇನ್ನೊಂದು ಮಾತನ್ನೂ ನಿನ್ನಿಂದ ಮುಚ್ಚಿಟ್ಟಿದ್ದೆ. ಜನವರಿಯಲ್ಲಿ ಪಕ್ಕದ ತಟ್ಟೆಯಲ್ಲಿ ಒಳ್ಳೆಯ ಕೋಶಗಳೂ ಇದ್ದವು. ಬೂದಮ್ಮನ ರಸಕ್ಕೆ ಅವೂ ಸತ್ತವು. ನಿನ್ನ ಸಂತೋಷಕ್ಕೆ ತಣ್ಣೀರು ಎರಚುವುದು ಬೇಡ ಎಂದು ಬಿಟ್ಟೆ. ಒಳ್ಳೆಯದನ್ನು ಉಳಿಸಿ ಕೆಟ್ಟದ್ದನ್ನು ಮಾತ್ರ ಕಳುಹಿಸುವ ಹಾಗೆ ಅದನ್ನು ಸೋಸಬೇಕು, ಬೇರ್ಪಡಿಸಬೇಕು, ಅಳತೆ ಕಂಡುಹಿಡಿಯಬೇಕು. ಅದಕ್ಕೆ ವರ್ಷಗಳು ಬೇಕು. ಆಗದೆಯೂ ಹೋಗಬಹುದು. ತಟ್ಟೆಯಲ್ಲಿ ಗೆದ್ದದ್ದು ಮೈಯಲ್ಲಿ ಗೆಲ್ಲುವುದು ಅಪರೂಪ. ಕಷಾಯ ಈ ಕ್ಷಣ ನಿಲ್ಲಿಸು. ಎಷ್ಟು ದಿನ, ಎಷ್ಟು ಕುಡಿದೆ ಎಂಬುದನ್ನು ಮರೆಯದೆ ಡಾಕ್ಟರಿಗೆ ಹೇಳು.

ಡ್ರಿಪ್‌ಗೆ ಹೋದರೆ ನನ್ನ ಕೆಲಸವನ್ನು ನಂಬದ ಹಾಗೆ ಎಂದೆ. ಮೇಡಂ ಮೂಲಕ ನಿನ್ನ ಡಾಕ್ಟರ ಜೊತೆ ಮಾತನಾಡಿದೆ. ನಿನಗೆ ಕೊಡಬೇಕೆಂದಿರುವ ಔಷಧಗಳಲ್ಲಿ ಒಂದು ನಿತ್ಯಪುಷ್ಪದಿಂದ ಬಂದದ್ದು. ಹೌದು, ದಾರಿಯ ಅಂಚಿನಲ್ಲೆಲ್ಲ ತಾನಾಗಿ ಹುಟ್ಟುವ ಅದೇ ಗಿಡ. ಎಲೆ ಜಗಿದರೆ ಅದೂ ವಿಷವೇ. ನನ್ನಂಥವರು ಎಷ್ಟೋ ಮಂದಿ ವರ್ಷಗಟ್ಟಲೆ ಕೂತು ಸೋಸಿ, ಅಳೆದು, ತಪ್ಪು ಮಾಡಿ, ತಿದ್ದಿ ಅದನ್ನು ಬಾಟಲಿಗೆ ತಂದಿದ್ದಾರೆ. ನಮ್ಮ ಎಲೆಗಿಂತ ಬಹಳ ಮೊದಲು ಹೊರಟ ಎಲೆ ಅದು, ಆಸ್ಪತ್ರೆಗೆ ಬಂದು ತಲುಪಿದೆ. ನಮ್ಮದು ಇನ್ನೂ ಮನೆ ಬಾಗಿಲು ದಾಟಿಲ್ಲ.

ನನ್ನ ಎಲೆ ನಿನ್ನ ಕಾಲಕ್ಕೆ ಸಿಗುವುದಿಲ್ಲ ಮಾವ. ಅದು ಯಾರದೋ ಮಾವನಿಗೆ, ಮುಂದೆ ಯಾವಾಗಲೋ. ನನ್ನ ಕೆಲಸ ಗೆಲ್ಲುವುದಕ್ಕಿಂತ ನೀನು ಇರುವುದು ನನಗೆ ಮುಖ್ಯ. ನನಗಾಗಿ ಕಾಯಬೇಡ. ಹೋಗು.

ಫೋನಿನಲ್ಲಿ ನೀನು ಅರ್ಧ ಕೇಳಿಸಿಕೊಂಡರೆ ಕಷ್ಟ, ಅದಕ್ಕೇ ಇದನ್ನು ಇವತ್ತಿನ ಪಾರ್ಸೆಲ್ ಗಾಡಿಯಲ್ಲಿ ಕಳುಹಿಸುತ್ತಿದ್ದೇನೆ, ನಾಳೆ ಬೆಳಿಗ್ಗೆ ನಿನ್ನ ಕೈಗೆ ಸಿಗುತ್ತದೆ. ಇಲ್ಲಿನ ಕೆಲಸ ಒಪ್ಪಿಸಿ ನಾಳೆ ಮಧ್ಯಾಹ್ನ ಹೊರಡುತ್ತೇನೆ.

ನಿನ್ನ ಪಿಟೀಲು


ಏಪ್ರಿಲ್ ೨೦

ಪಿಟೀಲು,

ಈ ಚೀಟಿ ನಿನಗೆ ಬಾಗಿಲ ಸಂದಿಯಲ್ಲಿ ಸಿಗುತ್ತದೆ. ನೀನು ಬರುವ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ. ಕಾಗದ ಓದಿದೆ. ಉಳಿದ ಕಷಾಯ ಚೆಲ್ಲಿದೆ. ಆಮೇಲೆ ಬೀಜದಂಗಡಿಯ ಅಕ್ಕ ಅಂಗಡಿ ಮುಚ್ಚಿ ಜೊತೆಗೆ ಬಂದರು, ಆಸ್ಪತ್ರೆಗೆ ಹೊರಟಿದ್ದೇವೆ. ಒಲೆಯ ಮೇಲೆ ಅನ್ನ ಇದೆ. ನನಗೆ ಭಯವಾಗುತ್ತಿದೆ, ಬೇಗ ಬಾ.

ಮಾವ


ಜುಲೈ ೬

ಮಾವ,

ಇಲ್ಲಿಗೆ ಮರಳಿ ಹತ್ತು ದಿನವಾಯಿತು, ಇನ್ನೂ ಕೆಲಸದಲ್ಲಿ ಮನಸ್ಸು ನಿಂತಿಲ್ಲ. ನಾಲ್ಕನೆಯ ಡ್ರಿಪ್ ಆದ ಮೇಲೆ ವಾಂತಿ ಕಡಿಮೆಯೇ? ಬೋಳುತಲೆಗೆ ಟೋಪಿ ಹಾಕಿಕೊಂಡು ಬಿಸಿಲಿಗೆ ಹೋಗು. ಅಕ್ಕನನ್ನು ಕೇಳಿದರೆ ಟೋಪಿ ಹೂವಿನ ಕುಂಡದ ಮೇಲಿರುತ್ತದೆ ಎನ್ನುತ್ತಾರೆ.

ಒಂದು ವಿಷಯ ಕೇಳಬೇಕು, ಕೇಳಲು ಮನಸ್ಸಿಲ್ಲ. ಬೂದಮ್ಮನ ಕಹಿಯಲ್ಲಿ ಎರಡು ಮೂರು ವಸ್ತುಗಳಿವೆ. ಅವುಗಳಲ್ಲಿ ಒಂದು ಒಳ್ಳೆಯ ಕೋಶಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ ಎಂದು ಕಾಣುತ್ತದೆ. ಖಚಿತವಲ್ಲ. ನೋಡಬೇಕಾದರೆ ಬಹಳ ಎಲೆ ಬೇಕು, ಒಣಗಿಸಿದ ಗಿಡದ್ದೇ ಬೇಕು. ಮೇಡಂ "ನಿಮ್ಮ ಮಾವನ್ನ ಕೇಳು" ಅಂದರು. ನಿನ್ನಿಂದ ಆಗದಿದ್ದರೆ ಇಲ್ಲ ಎನ್ನು, ನಾವೇ ಇಲ್ಲಿ ಬೆಳೆಸಿಕೊಳ್ಳುತ್ತೇವೆ.

ಸ್ಕ್ಯಾನ್ ಯಾವಾಗ? ಫಲಿತಾಂಶ ಏನೇ ಇರಲಿ, ಇದ್ದದ್ದು ಇದ್ದ ಹಾಗೆ ಬರೆ. ನಾನೂ ಹಾಗೆಯೇ ಬರೆಯುತ್ತೇನೆ. ಅದು ನಮ್ಮಿಬ್ಬರ ಒಪ್ಪಂದ.

ಪಿಟೀಲು


ಜುಲೈ ೨೩

ಪಿಟೀಲಿಗೆ,

ಇದ್ದದ್ದು ಇದ್ದ ಹಾಗೆ. ವಾಂತಿ ಇದೆ. ಬೆರಳ ತುದಿ ಜುಮ್ಮೆನ್ನುತ್ತದೆ, ಸಸಿ ಕೀಳುವಾಗ ಬೇರು ಸಿಕ್ಕಿತೋ ಇಲ್ಲವೋ ಗೊತ್ತಾಗುವುದಿಲ್ಲ. ಅದು ಆ ನಿತ್ಯಪುಷ್ಪದ ಔಷಧದ್ದೇ ಕೆಲಸವಂತೆ. ದಾರಿಯ ಅಂಚಿನಲ್ಲಿ ಕಳೆಯೆಂದು ಅದನ್ನು ಎಷ್ಟು ಕಿತ್ತು ಎಸೆದಿದ್ದೇನೋ, ಲೆಕ್ಕ ತೀರಿಸಿಕೊಳ್ಳುತ್ತಿದೆ. ಅಳು ಬಂದರೆ ಅಳುತ್ತೇನೆ, ಬೀಜದಂಗಡಿಯ ಅಕ್ಕ ಏನೂ ಅನ್ನುವುದಿಲ್ಲ. ಆಕೆ ಈಗ ದಿನಾ ಸಂಜೆ ಬರುತ್ತಾರೆ. ನಿನ್ನ ಹೊಸ ಸೀರೆಯ ವಿಷಯ ಆಕೆಗೆ ಹೇಳಿದೆ. ನಕ್ಕರು, ಬೇಡ ಎನ್ನಲಿಲ್ಲ. ಇದೂ ಇದ್ದದ್ದು ಇದ್ದ ಹಾಗೆ.

ಬೂದಮ್ಮನಿಗೆ ನೀರು ನಿಲ್ಲಿಸಿದ್ದೇನೆ. ಅಕ್ಕನಿಗೆ ಒಪ್ಪಿಸಿ ನಾನು ಆ ಕಡೆ ತಲೆ ಹಾಕದೆ ಇರೋಣ ಎಂದುಕೊಂಡಿದ್ದೆ, ಆಗಲಿಲ್ಲ. ದಿನಾ ಬೆಳಿಗ್ಗೆ ಹೋಗಿ ನಿಲ್ಲುತ್ತೇನೆ. ಎಲೆ ಸುರುಳಿಯಾಗುತ್ತಿದೆ. ಸೂಜಿ ಚುಚ್ಚುವ ನರ್ಸಮ್ಮ ನನಗೆ "ಇನ್ನೊಂದು ಸ್ವಲ್ಪ ದಿನ, ತಡ್ಕೊಳಿ" ಎನ್ನುತ್ತಾರಲ್ಲ, ಅದನ್ನೇ ನಾನು ಗಿಡಕ್ಕೆ ಹೇಳಿ ಬರುತ್ತೇನೆ. ಬೇಕಾದಷ್ಟು ಎಲೆ ಕಳುಹಿಸುತ್ತೇನೆ. ಯಾರದೋ ಮಾವನಿಗೆ ಎಂದೆಯಲ್ಲ, ಅವನಿಗೆ ನನ್ನ ಕಡೆಯಿಂದ ಎಂದಿಟ್ಟುಕೋ.

ಸ್ಕ್ಯಾನ್ ಮುಂದಿನ ವಾರ. ಆಮೇಲೆ ಇನ್ನೆರಡು ಡ್ರಿಪ್. ಅದಾದ ಮೇಲೂ ವರ್ಷಗಟ್ಟಲೆ ಬಂದು ತೋರಿಸುತ್ತಿರಬೇಕಂತೆ. ಪೂರ್ತಿ ವಾಸಿ ಎಂಬ ಮಾತನ್ನು ಅವರು ಇನ್ನೂ ಆಡುವುದಿಲ್ಲ, ನಾನೂ ಆಡುವುದಿಲ್ಲ.

ಆದರೆ ನಿನ್ನೆ ಏನಾಯಿತು ಕೇಳು. ಡಾಕ್ಟರು ರಜೆಯಲ್ಲಿದ್ದರು, ಅವರ ಜಾಗಕ್ಕೆ ಬೇರೊಬ್ಬರು ಬಂದಿದ್ದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುತ್ತಿಗೆ ಮುಟ್ಟಿ ನೋಡಿದರು, ಕಂಕುಳು ನೋಡಿದರು. ಮತ್ತೆ ಕುತ್ತಿಗೆಗೆ ಬಂದು ಬೆರಳಾಡಿಸಿದರು. ಆಸ್ಪತ್ರೆಯ ಕಾಗದ ನೋಡಿದರು, ನನ್ನ ಮುಖ ನೋಡಿದರು. "ಎಲ್ಲಿತ್ತು, ತೋರಿಸಿ" ಅಂದರು. ನಾನು ಕೈಯಿಟ್ಟೆ. ಇಲ್ಲಿ ಎನ್ನಲು ಹೋದೆ, ಅಲ್ಲಿ ಇರಲಿಲ್ಲ. ಸ್ವಲ್ಪ ಕೆಳಗೆ ನೋಡಿದೆ, ಪಕ್ಕದಲ್ಲಿ ನೋಡಿದೆ. ಆಕೆ ಕಾಯುತ್ತಿದ್ದರು. ಇಷ್ಟು ತಿಂಗಳು ದಿನಾ ಮುಟ್ಟಿ ನೋಡಿಕೊಂಡವನು ನಾನು, ನನಗೂ ಹುಡುಕಿ ತೋರಿಸಲು ಆಗಲಿಲ್ಲ.

ಮಾವ